ಮೈನಸ್ ಬೇಡ, ಪ್ಲಸ್ ಕೊಡಿ

ನಮ್ಮ ಕಾಲೇಜಿನ ವೈಫೈ ಅನುಷ್ಠಾನ ಸಮಿತಿಗೆ ಕನ್ನಡ ಮೇಷ್ಟ್ರಾದ ನಾನೇ ಸದಸ್ಯ ಕಾರ್ಯದರ್ಶಿ. ತಂತ್ರಜ್ಞಾನ ಬಲ್ಲವನೆಂದಲ್ಲ, ನಡಾವಳಿಯನ್ನು ಕಾಗುಣಿತ ತಪ್ಪಿಲ್ಲದೆ ಬರೆಯುತ್ತೇನೆ ಎಂದು. ಹೀಗಾಗಿ ಬೀದರಿನ ಈ ಕೆಂಪು ಕಲ್ಲಿನ ಆವರಣಕ್ಕೆ ವೈಫೈ ಅವತರಿಸಿದ ಕಥೆಯ ಅಧಿಕೃತ ದಾಖಲೆ ನನ್ನ ಕೈಬರಹದಲ್ಲಿದೆ. ದಾಖಲೆಗೆ ಹೋಗದೆ ಉಳಿದದ್ದು ಇಲ್ಲಿದೆ.

ಮೊದಲ ಸಭೆಯ ಮೊದಲ ಪ್ರಶ್ನೆ: ವೈಫೈ ಅಲೆ ಹೊಮ್ಮಿಸುವ ಪೆಟ್ಟಿಗೆ, ಅಂದರೆ ಅಕ್ಸೆಸ್ ಪಾಯಿಂಟ್, ಎಷ್ಟು ಬೇಕು? ಗಣಕ ವಿಜ್ಞಾನದ ಅತಿಥಿ ಉಪನ್ಯಾಸಕರು, ಯಾವ ಕೊಠಡಿಯಲ್ಲಿ ಎಷ್ಟು ಜನ ಕೂರುತ್ತಾರೆ, ಗೋಡೆ ಎಷ್ಟು ದಪ್ಪ ಎಂದು ನೋಡಿ ಹೇಳಬೇಕಾಗುತ್ತದೆ ಎಂದರು. ಅತಿಥಿ ಉಪನ್ಯಾಸಕರ ಮಾತಿಗೂ ಅವರ ಸಂಬಳದಷ್ಟೇ ತೂಕ. ಅಧೀಕ್ಷಕರು ಆಗಲೇ ಕ್ಯಾಲ್ಕ್ಯುಲೇಟರ್ ಒತ್ತಿದ್ದರು. ಬಂದ ಅನುದಾನವನ್ನು ಒಂದರ ಬೆಲೆಯಿಂದ ಭಾಗಿಸಿದರೆ 24. ಹಾಗಾದರೆ ನಮಗೆ ಬೇಕಾಗಿರುವುದೂ 24. ಅಂದು ಮಾರ್ಚ್ 11. ಮಾರ್ಚ್ 31ರೊಳಗೆ ಹಣ ಖರ್ಚಾಗದಿದ್ದರೆ ವಾಪಸ್ಸು. ಗೋಡೆಯ ದಪ್ಪ ಅಳೆಯಲು ಏಪ್ರಿಲ್ ಇದ್ದೇ ಇದೆಯಲ್ಲ.

ಪ್ರಾಂಶುಪಾಲರಿಗೆ 24 ಎಂಬುದೇ ದುಂದು ಎನ್ನಿಸಿತ್ತು. "ನಮ್ಮ ಚೌಬಾರಾ ನೋಡಿ. 71 ಅಡಿಯ ಒಂದೇ ಗೋಪುರ, ಕಾವಲುಗಾರನಿಗೆ ನಾಲ್ಕೂ ದಿಕ್ಕು ಕಾಣುತ್ತಿತ್ತು. ಗ್ರಂಥಾಲಯದ ತಾರಸಿಯ ಮೇಲೆ ದೊಡ್ಡದೊಂದನ್ನು ನಿಲ್ಲಿಸಿದರೆ ಆಗದೇ?" ಎಂದು ಕೇಳಿದರು. ಅತಿಥಿ ಉಪನ್ಯಾಸಕರು ತಾಳ್ಮೆಯಿಂದ ವಿವರಿಸಿದರು: "ಸರ್, ಅಂಥ ಆಂಟೆನಾದ ಅಲೆ ಉದ್ದಿನ ವಡೆಯ ಹಾಗೆ ಹರಡುತ್ತದೆ. ಸುತ್ತಲೂ ದಪ್ಪ, ನಡುವೆ ತೂತು. ತಾರಸಿಯ ಮೇಲಿಟ್ಟರೆ ಕೆಳಗಿನ ಗ್ರಂಥಾಲಯ ತೂತಿನಲ್ಲಿ ಕೂರುತ್ತದೆ. ಮತ್ತೆ, ಅದು ಕೂಗಿದ್ದು ಮೊಬೈಲಿಗೆ ಕೇಳಿದರೆ ಸಾಲದು, ಅಂಗೈಯಗಲದ ಮೊಬೈಲ್ ಪಿಸುಗುಟ್ಟಿದ್ದು ಅದಕ್ಕೂ ಕೇಳಬೇಕು." ವಡೆಯ ಪ್ರಸ್ತಾಪ ಬಂದದ್ದರಿಂದ ಸಭೆಯನ್ನು ಚಹಾಕ್ಕೆಂದು ಹತ್ತು ನಿಮಿಷ ಮುಂದೂಡಲಾಯಿತು. ಇದು ನಡಾವಳಿಯಲ್ಲಿದೆ.

ಆ ಅತಿಥಿ ಉಪನ್ಯಾಸಕರು ಸುಮ್ಮನಿರಲಿಲ್ಲ. ಎಲ್ಲಿಂದಲೋ ಒಂದು ಅಕ್ಸೆಸ್ ಪಾಯಿಂಟ್ ಎರವಲು ತಂದು, ಉದ್ದನೆಯ ಕೋಲಿಗೆ ಕಟ್ಟಿ, ಒಂದೊಂದು ಕಾರಿಡಾರಿನಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪ್ ಹಿಡಿದು ಎರಡು ದಿನ ಕೊಠಡಿ ಕೊಠಡಿ ಸುತ್ತಿದರು. ಹಾಗೆ ಅಳೆದ ಅಲೆಯ ಬಲದ ಪಟ್ಟಿ ಸಮಿತಿಯ ಮುಂದೆ ಬಂತು. ಸೆಮಿನಾರ್ ಹಾಲ್ ಮೈನಸ್ 48. ಗ್ರಂಥಾಲಯ ಮೈನಸ್ 67. ನೆಲಮಾಳಿಗೆಯ ಹಳೆ ದಾಖಲೆ ಕೋಣೆ ಮೈನಸ್ 91. ಪ್ರಾಂಶುಪಾಲರ ಮುಖ ಸಪ್ಪಗಾಯಿತು.

"ಎಲ್ಲವೂ ಮೈನಸ್ಸೇ! ಒಂದು ಕೊಠಡಿಯಾದರೂ ಪ್ಲಸ್ ಇಲ್ಲವೇ? ತಪಾಸಣೆಗೆ ಬಂದವರಿಗೆ ಇದನ್ನು ಹೇಗೆ ತೋರಿಸುವುದು?"

ಮೊಬೈಲಿಗೆ ಸಿಗುವ ಶಕ್ತಿ ಅತ್ಯಲ್ಪ, ಒಂದು ಮಿಲಿವ್ಯಾಟನ್ನು ಸೊನ್ನೆ ಎಂದಿಟ್ಟುಕೊಂಡು ಅಳೆಯುವುದರಿಂದ ಮೈನಸ್ ಬರುವುದು ಸಹಜ, ಮೈನಸ್ಸಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಅಲೆ ದುರ್ಬಲ, ಮೈನಸ್ 67 ಎಂದರೆ ಮಿಲಿವ್ಯಾಟಿನ ಐವತ್ತು ಲಕ್ಷದಲ್ಲಿ ಒಂದು ಪಾಲು, ಅಷ್ಟಿದ್ದರೆ ವಿಡಿಯೊ ಪಾಠ ಧಾರಾಳವಾಗಿ ನಡೆಯುತ್ತದೆ ಎಂಬ ವಿವರಣೆ ಬಂತು. ಅದರಲ್ಲಿ ಅಧೀಕ್ಷಕರ ಕಿವಿಗೆ ಬಿದ್ದದ್ದು ಐವತ್ತು ಲಕ್ಷ ಮಾತ್ರ. ಯಾವ ಲೆಕ್ಕಶೀರ್ಷಿಕೆಯಲ್ಲಿ ಎಂದು ಕೇಳಿದರು. ಕೊನೆಗೆ ಮೈನಸ್ ಚಿಹ್ನೆಯನ್ನು ಕೈಬಿಟ್ಟು ದಾಖಲಿಸತಕ್ಕದ್ದು ಎಂದು ಸರ್ವಾನುಮತದ ಠರಾವು ಆಯಿತು. ಅದನ್ನು ಬರೆದವನು ನಾನೇ. ಅಂದಿನಿಂದ ನೆಲಮಾಳಿಗೆಯ ದಾಖಲೆ ಕೋಣೆ 91 ಪಡೆದು ಕಾಲೇಜಿಗೇ ಪ್ರಥಮ. ಸೆಮಿನಾರ್ ಹಾಲ್ 48ಕ್ಕೆ ಹೇಗೋ ಪಾಸಾಗಿದೆ.

ಇಷ್ಟಾಗಿಯೂ ಅಕ್ಸೆಸ್ ಪಾಯಿಂಟ್ ಕೂತದ್ದು ಆ ಪಟ್ಟಿ ನೋಡಿ ಅಲ್ಲ, ಗೋಡೆಯ ಪ್ಲಗ್ ನೋಡಿ. ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ತನ್ನೂ ಹರಿಸುವ ಸ್ವಿಚ್ ದುಬಾರಿಯೆಂದು ಕೈಬಿಟ್ಟಿದ್ದರು. ಪ್ಲಗ್ ಇದ್ದಲ್ಲಿ ವೈಫೈ. ಪ್ರಾಂಶುಪಾಲರ ಕೊಠಡಿಯಲ್ಲಿ ಎರಡು, ಕಚೇರಿಯಲ್ಲಿ ಮೂರು, ನೀರಿನ ಪಂಪಿನ ಕೋಣೆಯಲ್ಲಿ ಒಂದು. 180 ಮಕ್ಕಳು ಕೂರುವ ಹಾಲಿನಲ್ಲಿ ಪ್ಲಗ್ ಇಲ್ಲ, ಆದ್ದರಿಂದ ಅವರಿಗೂ ಇಲ್ಲ. ಹಾಸ್ಟೆಲ್ ದೂರ, ಇಂಥ ತಂತಿ 100 ಮೀಟರ್ ದಾಟಿದರೆ ನಂಬುವಂತಿಲ್ಲ ಎಂದರೆ ಗುತ್ತಿಗೆದಾರ ನಕ್ಕುಬಿಟ್ಟ. "ಪೆಟ್ಟಿಗೆಯ ಮೇಲೆ 305 ಮೀಟರ್ ಎಂದು ಕಂಪನಿಯವರೇ ಬರೆದಿದ್ದಾರಲ್ಲ ಸರ್!" ಅದು ಒಳಗಿನ ಸುರುಳಿಯ ಉದ್ದ. ಬೇವಿನ ಮರದಿಂದ ಬೇವಿನ ಮರಕ್ಕೆ ಜೋತುಬಿದ್ದ ಆ ತಂತಿಯನ್ನು ಈಗ ಅಳಿಲುಗಳು ಉಪಯೋಗಿಸುತ್ತಿವೆ.

ಇದೇ ಊರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ. ನೆಲದಾಳದಲ್ಲಿ ಸುರಂಗ, ಅದರ ನೆತ್ತಿಯ ಮೇಲೆ ಅಲ್ಲಲ್ಲಿ ಗಾಳಿಬಾವಿ. ಕಣ್ಣಿಗೆ ಕಾಣದ ನೀರಿನ ಜಾಡು ಹಿಡಿದು ಐದು ಶತಮಾನದ ಹಿಂದಿನವರು ಬಾವಿ ಇಳಿಸಿದ್ದಾರೆ. ಅವರಿಗೆ ಪ್ಲಗ್‌ಗಳ ತೊಂದರೆ ಇರಲಿಲ್ಲವೆನ್ನಿ.

ಚಾನೆಲ್‌ಗಳ ಹಂಚಿಕೆಯಲ್ಲಿ ಮಾತ್ರ ನಾವು ಸಾಮಾಜಿಕ ನ್ಯಾಯ ಪಾಲಿಸಿದೆವು. 2.4 ಗಿಗಾಹರ್ಟ್ಸ್‌ನಲ್ಲಿ 13 ಚಾನೆಲ್, ಅಂದರೆ ವೈಫೈ ಅಲೆ ಓಡಾಡುವ ಓಣಿಗಳು; ನಮ್ಮಲ್ಲಿ 13 ವಿಭಾಗ. ಅವುಗಳಲ್ಲಿ 1, 6, 11 ಮಾತ್ರ ಒಂದರ ಮೇಲೊಂದು ಹರಿಯುವುದಿಲ್ಲ, ಉಳಿದವು ಅಕ್ಕಪಕ್ಕದ ಮನೆಯವರ ಹಾಗೆ ಒಬ್ಬರ ಮಾತಿನಲ್ಲಿ ಒಬ್ಬರು ಬಾಯಿ ಹಾಕುತ್ತವೆ, ಆದ್ದರಿಂದ ಆ ಮೂರನ್ನೇ ಸರದಿಯಲ್ಲಿ ಕೊಡಬೇಕು ಎಂದರೆ ಯಾರು ಕೇಳುತ್ತಾರೆ? ಸೇವಾ ಜ್ಯೇಷ್ಠತೆಯ ಪ್ರಕಾರ ಇತಿಹಾಸಕ್ಕೆ 1, ಕನ್ನಡಕ್ಕೆ 2, ಅರ್ಥಶಾಸ್ತ್ರಕ್ಕೆ 3. 13 ಅಶುಭ ಎಂದು ದೈಹಿಕ ಶಿಕ್ಷಣದವರು ಲಿಖಿತ ಆಕ್ಷೇಪಣೆ ಸಲ್ಲಿಸಿದ್ದಾರೆ, ಕಡತ ಚಲನೆಯಲ್ಲಿದೆ.

ಇನ್ನು ಪಂಜರ. ಸರಕಾರಿ ಸೊತ್ತು ಕಳುವಾದರೆ ಯಾರ ಸಂಬಳದಿಂದ ಹಿಡಿಯುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು. ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ, ಹಿಂದೆ ಕಬ್ಬಿಣದ ತಗಡು, ಮುಂದೆ ಹೆಬ್ಬೆರಳೂ ತೂರದ ಜಾಲರಿ ಇರುವ ಪೆಟ್ಟಿಗೆ ಮಾಡಿಸಿ, ಒಳಗೆ ಅಕ್ಸೆಸ್ ಪಾಯಿಂಟ್ ಇಟ್ಟು ಬೀಗ ಜಡಿದೆವು. ಈ ಅಲೆಯ ಉದ್ದ 12.5 ಸೆಂಟಿಮೀಟರ್. ಅದಕ್ಕಿಂತ ತೀರ ಸಣ್ಣ ಕಂಡಿಯ ಲೋಹದ ಜಾಲರಿಯಿಂದ ಅದು ಹೊರಬರಲು ಒದ್ದಾಡುತ್ತದೆ. ಮೈಕ್ರೊವೇವ್ ಒಲೆಯ ಬಾಗಿಲಿಗೆ ಜಾಲರಿ ಹಾಕುವುದೇ ಈ ಕಾರಣಕ್ಕೆ. 1836ರಲ್ಲಿ ಮೈಕೆಲ್ ಫ್ಯಾರಡೆ ಇಂಥದ್ದೇ ಪಂಜರ ಕಟ್ಟಿ ತೋರಿಸಿದ್ದ. ನಮ್ಮ ಭೌತಶಾಸ್ತ್ರದ ಹಿರಿಯರು ಫ್ಯಾರಡೆಯ ಪಂಜರವನ್ನು 22 ವರ್ಷ ಪಾಠ ಮಾಡಿದವರು, ಖರೀದಿ ಸಮಿತಿಯಲ್ಲಿ ಕುಳಿತು ಸಹಿ ಹಾಕಿದವರೂ ಅವರೇ. ಆಮೇಲೆ ಕೇಳಿದೆ. "ಅದು ಮೂರನೇ ಸೆಮಿಸ್ಟರಿನ ಪಾಠ, ನಾನು ಈ ವರ್ಷ ಐದನೆಯದ್ದು ತೆಗೆದುಕೊಳ್ಳುತ್ತಿದ್ದೇನೆ" ಎಂದರು.

23 ಪಂಜರವಾಗುವಷ್ಟರಲ್ಲಿ ಜಾಲರಿ ಮುಗಿಯಿತು. ಗೇಟಿನ ಕಾವಲುಗಾರನ ಕೋಣೆಯದು ಬಯಲಿನಲ್ಲೇ ಉಳಿಯಿತು.

ಉದ್ಘಾಟನೆ ಭರ್ಜರಿಯಾಗಿ ನಡೆಯಿತು. 1472ರಲ್ಲಿ ಮಹಮೂದ್ ಗವಾನ್ ಈ ಊರಿಗೆ ಮದರಸಾ ಕೊಟ್ಟ, ನಾನು ವೈಫೈ ಕೊಟ್ಟೆ ಎಂದು ಪ್ರಾಂಶುಪಾಲರು ಭಾಷಣ ಮಾಡಿದರು. 1481ರಲ್ಲಿ ಸುಲ್ತಾನನೇ ಗವಾನನ ತಲೆ ತೆಗೆಸಿದ ಎಂಬ ಸಾಲನ್ನು ಇತಿಹಾಸ ವಿಭಾಗದವರು ಮುನ್ನೆಚ್ಚರಿಕೆಯಿಂದ ಕರಡಿನಲ್ಲೇ ಹೊಡೆದುಹಾಕಿದ್ದರು.

ಪಂಜರದ ಕೆಳಗೇ ನಿಂತು ಹೇಗೋ ಅಲೆ ಹಿಡಿದವರ ಮೊಬೈಲಿಗೂ ಜಾಲದಲ್ಲಿ ಗುರುತಿನ ಸಂಖ್ಯೆ, ಅಂದರೆ ಐಪಿ ವಿಳಾಸ, ಸಿಗಬೇಕಲ್ಲ. ಇಡೀ ಕಾಲೇಜಿಗೆ ಮೀಸಲಿಟ್ಟದ್ದು 254 ವಿಳಾಸ, ಒಮ್ಮೆ ಕೊಟ್ಟರೆ ಎಂಟು ದಿನ ಅವರದೇ. ಊಟದ ಪಂಕ್ತಿಯಲ್ಲಿ 254 ಎಲೆ ಹಾಕಿ, ಉಂಡು ಹೋದವರ ಎಲೆಯನ್ನೂ ಎಂಟು ದಿನ ಎತ್ತದೆ ಕಾದಂತೆ. ಬೆಳಗಿನ ವಾಯುವಿಹಾರಕ್ಕೆ ಬಂದವರ ಮೊಬೈಲ್‌ಗಳು ಮೊದಲ ಪಂಕ್ತಿಯಲ್ಲೇ ಕೂತುಬಿಡುತ್ತವೆ. ಹತ್ತು ಗಂಟೆಗೆ ಬಂದ ಮಕ್ಕಳಿಗೆ ಬಾಗಿಲಲ್ಲೇ ನಮಸ್ಕಾರ.

ತಪಾಸಣೆಯ ಎರಡು ದಿನ ಮಾತ್ರ ವೈಫೈ ಚೆನ್ನಾಗಿತ್ತು. ಪಂಜರಗಳ ಬಾಗಿಲು ತೆಗೆಸಿ, ವಿದ್ಯಾರ್ಥಿಗಳಿಗೆ ರಜೆ ಕೊಟ್ಟಿದ್ದೆವು.

ಉಳಿದ ದಿನಗಳಲ್ಲಿ ಕಾಲೇಜು ನಡೆಯುವುದು ಗೇಟಿನ ಎದುರಿನ ಕಾಕಾನ ಚಹಾ ಅಂಗಡಿಯಲ್ಲಿ. ಪಂಜರವಿಲ್ಲದ ಆ ಒಂದು ಪೆಟ್ಟಿಗೆಯ ಅಲೆ ಕಾಂಪೌಂಡ್ ದಾಟಿ ಅಲ್ಲಿಯ ಬೆಂಚಿನ ಮೇಲೆ ಬೀಳುತ್ತದೆ. ಪರೀಕ್ಷಾ ಅರ್ಜಿ, ವಿದ್ಯಾರ್ಥಿವೇತನ, ಫಲಿತಾಂಶ, ಎಲ್ಲವೂ ಮಿರ್ಚಿ ಭಜಿಯ ತಟ್ಟೆಯ ಪಕ್ಕದಲ್ಲಿ. ಆವರಣದ ನೂರಕ್ಕೆ ನೂರು ಭಾಗದಲ್ಲಿ ವೈಫೈ ಇದೆ ಎಂಬ ನಮ್ಮ ವರದಿಯನ್ನು ಗುಮಾಸ್ತರು ಅಪ್‌ಲೋಡ್ ಮಾಡಿದ್ದೂ ಅಲ್ಲಿಂದಲೇ.

ಈಗ ಲೆಕ್ಕಪರಿಶೋಧನೆಯವರ ಆಕ್ಷೇಪಣೆ ಬಂದಿದೆ: ಅಕ್ಸೆಸ್ ಪಾಯಿಂಟ್ 24, ಪಂಜರ 23, ವ್ಯತ್ಯಾಸಕ್ಕೆ ಕಾರಣ ತಿಳಿಸುವುದು. ಸಮಿತಿ ತುರ್ತಾಗಿ ಸೇರಿ, ಉಳಿದ ಒಂದಕ್ಕೂ ಪಂಜರ ಹಾಕಿಸತಕ್ಕದ್ದು ಎಂದು ತೀರ್ಮಾನಿಸಿತು. ನಾನು ದುಂಡಗೆ ಬರೆದುಕೊಂಡೆ. ವೆಲ್ಡಿಂಗಿನವನು ಗುರುವಾರ ಬರುತ್ತಾನೆ. ಇಂದು ಬುಧವಾರ ಸಂಜೆ, ಕಾಕಾನ ಬೆಂಚಿನಲ್ಲಿ ಕೂರಲು ಜಾಗವಿಲ್ಲ. ನಿಂತುಕೊಂಡೇ ಈ ಅಂಕಣವನ್ನು ಪತ್ರಿಕೆಗೆ ಕಳುಹಿಸುತ್ತಿದ್ದೇನೆ.