ಜುಲೈ ತಿಂಗಳಲ್ಲಿ ಆಗುಂಬೆಗೆ ಸೊನ್ನೆ ಮಳೆಯಂತೆ!

ಇವತ್ತು ಸಿ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಹುಡುಗರ ಪ್ರೋಗ್ರಾಮು ಸ್ಕ್ರೀನ್ ಮೇಲೆ ತೋರಿಸಿದ ಸಾಲು: ಆಗುಂಬೆ, ಜುಲೈ 14, ಮಳೆ 0.00 ಮಿ.ಮೀ. ಇಲ್ಲಿ ಶಿವಮೊಗ್ಗದಲ್ಲೇ ಒಗೆದ ಬಟ್ಟೆ ಮೂರು ದಿನಕ್ಕೂ ಒಣಗ್ತಿಲ್ಲ, ಘಟ್ಟದ ಮೇಲೆ ಸೊನ್ನೆಯಂತೆ! ಫೈಲ್ ತೆರೆದರೆ ಆ ಜಾಗದಲ್ಲಿ ಇದ್ದದ್ದು "ಅಳೆದಿಲ್ಲ" ಅನ್ನೋ ಪದ. ಅದನ್ನ ಸೊನ್ನೆ ಮಾಡಿದ್ದು ಮತ್ಯಾರು, ಬರೆದದ್ದನ್ನ ಸಂಖ್ಯೆಯಾಗಿ ಬದಲಿಸಿಕೊಡೋ ಸಿ ಭಾಷೆಯ ಫಂಕ್ಷನ್, ಎಟಾಫ್ (atof) ಮಹಾಶಯ.

ಸಂಖ್ಯೆ ಸಿಗದಿದ್ದರೆ ಎಟಾಫ್ 0 ಕೊಡುತ್ತೆ. "0" ಅಂತಲೇ ಬರೆದಿದ್ದರೂ 0 ಕೊಡುತ್ತೆ. ಮಳೆ ಬಂದಿಲ್ಲ ಅನ್ನೋದಕ್ಕೂ ಅಳೆದಿಲ್ಲ ಅನ್ನೋದಕ್ಕೂ ಒಂದೇ ಉತ್ತರ. ಆಮೇಲೆ ಆ ಸೊನ್ನೆ ಸರಾಸರಿಗೂ ನುಗ್ಗುತ್ತೆ: 120, 90, "ಅಳೆದಿಲ್ಲ" ಇದ್ದರೆ ಬರಬೇಕಾದ್ದು 105, ಬರೋದು 70.

ಅಡಿಕೆ ರೇಟಿಗೆ ಹಾಕಿ ನೋಡಿ. ರಾಶಿ ಇಡಿ (ಅಡಿಕೆಯ ಒಂದು ಬಗೆ) ಕ್ವಿಂಟಾಲಿಗೆ "48,599" ಅಂತಿದ್ದರೆ ಕಾಮಾ ಹತ್ತಿರ ನಿಂತು 48 ಅನ್ನುತ್ತೆ. ಕ್ವಿಂಟಾಲಿಗೆ 48 ರೂಪಾಯಿ! ಮಂಡಿಯವರಿಗೆ ಗೊತ್ತಾದ್ರೆ ಲಾರಿ ತಗೊಂಡೇ ಬರ್ತಾರೆ. "೪೮೫೯೯" ಅಂತ ಬರೆದರೋ, ಮತ್ತದೇ ಸೊನ್ನೆ. ಅಕ್ಷರಗಳನ್ನ ಬೈಟುಗಳಾಗಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಂಕಿ ಮೂರು ಬೈಟು. ಅದರ ಕಣ್ಣಿಗೆ ಅವು ಅಂಕಿಗಳೇ ಅಲ್ಲ.

ಮದ್ದು 1989ರ ಆನ್ಸಿ ಸಿಯಲ್ಲೇ (ಸಿ ಭಾಷೆಯ ಮೊದಲ ಪ್ರಮಾಣಿತ ರೂಪ) ಇದೆ: ಎಟಾಫ್‌ನ ಕೆಲಸವನ್ನೇ ಮಾಡೋ ಇನ್ನೊಂದು ಫಂಕ್ಷನ್, ಸ್ಟ್ರ್‌ಟಾಡ್ (strtod). ಸ್ಟ್ರಿಂಗ್ (ಅಕ್ಷರಗಳ ಸಾಲು) ಜೊತೆ ಎಂಡ್ ಪಾಯಿಂಟರ್ ಅನ್ನೋ ವೇರಿಯಬಲ್‌ನ ವಿಳಾಸ ಕೊಡಿ. ಓದು ಎಲ್ಲಿ ನಿಂತಿತು ಅಂತ ಅದರಲ್ಲಿ ಇಡುತ್ತೆ. ಶುರುವಿನಲ್ಲೇ ನಿಂತಿದ್ದರೆ ಸಂಖ್ಯೆ ಸಿಕ್ಕಿಲ್ಲ ಅಂತ. ಮುಂದೆ ಹೋಗಿದ್ದರೆ ಉಳಿದ ಖಾಲಿ ಜಾಗ ದಾಟಿಸಿ, ಸ್ಟ್ರಿಂಗ್ ಮುಗಿದಿದ್ದನ್ನ ಹೇಳೋ ಕೊನೆಯ ನಲ್ ಗುರುತು ಬಂತಾ ನೋಡಿ. ಫೈಲಿನಿಂದ ಸಾಲು ಓದೋ ಎಫ್‌ಗೆಟ್ಸ್ (fgets) ಕೊಟ್ಟ ಸಾಲಿನ ಬಾಲಕ್ಕೆ ನ್ಯೂಲೈನ್ (ಸಾಲು ಮುರಿಯೋ ಗುರುತು) ಅಂಟಿಕೊಂಡಿರುತ್ತೆ, ದಾಟಿಸದಿದ್ದರೆ ಸರಿಯಾದ "112.4" ಕೂಡ ತಪ್ಪಾಗಿ ಕಾಣುತ್ತೆ. ಸ್ಟ್ರ್‌ಟಾಡ್ ಕರೆಯೋ ಮುಂಚೆ, ತಪ್ಪಿನ ಗುರುತು ಇಡೋ ಎರ್‌ನೋ (errno) 0 ಮಾಡಿ (ನಾನೂ ಮರೀತೀನಿ, ಬೈಬೇಡಿ). ಕರೆದ ಮೇಲೆ ಅದು ಇ-ರೇಂಜ್ (ERANGE) ಆಗಿದ್ದರೆ ಸಂಖ್ಯೆ ಡಬಲ್‌ಗೆ (ದಶಮಾಂಶ ಸಂಖ್ಯೆ ಇಡೋ ಸಿ ಭಾಷೆಯ ಬಗೆ) ಹಿಡಿಸಿಲ್ಲ. ಇನ್ನೊಂದು ಕಿತಾಪತಿ: ಸಿ ಭಾಷೆಯ ಮುಂದಿನ ರೂಪ ಸಿ99 ಬಂದಮೇಲೆ "ನ್ಯಾನ್" (nan, ಸಂಖ್ಯೆಯಲ್ಲ), "ಇನ್ಫ್" (inf, ಅನಂತ) ಅಂತ ಇಂಗ್ಲಿಷಲ್ಲಿ ಬರೆದರೂ ಸಂಖ್ಯೆ ಅಂತಲೇ ಒಪ್ಪಿಕೊಳ್ಳುತ್ತೆ. ಮಾಮೂಲಿ ಸಂಖ್ಯೆಯೇನಾ ಅಂತ ನೋಡೋ ಈಸ್‌ಫೈನೈಟ್ (isfinite) ಹಾಕಿ ಸೋಸಿ.

"ಲ್ಯಾಬ್ ಪ್ರೋಗ್ರಾಮಿಗೆ ಇಷ್ಟೆಲ್ಲ ಯಾಕೆ ಸಾರ್, ಇನ್‌ಪುಟ್ ನಾವೇ ಕೊಡ್ತೀವಲ್ಲ" ಅಂತಾರೆ ಹುಡುಗರು. ಆಯ್ತಪ್ಪ, "ಅಳೆದಿಲ್ಲ" ಅಂತ ಟೈಪ್ ಮಾಡಿದ್ದೂ ನೀವೇ ಅಲ್ವೇನ್ರೋ? ಜಾಸ್ತಿ ಆಗೋದು ಐದಾರು ಸಾಲು. ಅದಕ್ಕೂ ಸೋಮಾರಿತನವಾದರೆ ಆಗುಂಬೆಯವರಿಗೆ ನೀವೇ ಫೋನ್ ಮಾಡಿ ಹೇಳಿ, ಮೊನ್ನೆ ನಿಮ್ಮೂರಲ್ಲಿ ಬಿಸಿಲಿತ್ತು ಅಂತ.

ನಾಳೆ ರೆಕಾರ್ಡಿಗೆ ಸಹಿ ಬೇಕಾದವರು ಮೊದಲು ಎಂಡ್ ಪಾಯಿಂಟರ್ ತೋರಿಸಿ.