ಪ್ಲೇಟೋ ಕವಿಗಳನ್ನೆಲ್ಲ ಊರಿಂದ ಓಡಿಸಿದನಾ?

‘ಗ್ರೀಸಿನ ತತ್ವಜ್ಞಾನಿ ಪ್ಲೇಟೋಗೆ ಕವಿಗಳನ್ನು ಕಂಡರಾಗುತ್ತಿರಲಿಲ್ಲ, ಎಲ್ಲರನ್ನೂ ಅಥೆನ್ಸ್‌ನಿಂದ ಓಡಿಸಿದ’ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಇದು ನಿಜವಲ್ಲ.

ಅವನು ಯಾರನ್ನೂ ಓಡಿಸಲಿಲ್ಲ. ಅವನು ಸಂಭಾಷಣೆಯ ರೂಪದಲ್ಲಿ ಬರೆದ ‘ರಿಪಬ್ಲಿಕ್’ ಪುಸ್ತಕದಲ್ಲಿ ಬರುವುದು ಮಾತಿನಲ್ಲೇ ಕಟ್ಟಿದ ಊರು, ಅಲ್ಲಿ ಮಾತಾಡುವವನು ಅವನ ಗುರು ಸಾಕ್ರಟೀಸ್. ಯಾರ ವೇಷವನ್ನಾದರೂ ಹಾಕಬಲ್ಲ ಕವಿ ಅಲ್ಲಿಗೆ ಬಂದರೆ ಏನು ಮಾಡಬೇಕು? ಕೈ ಮುಗಿದು, ತಲೆಗೆ ಸುಗಂಧ ತೈಲ ಸುರಿದು, ಉಣ್ಣೆಯ ಪಟ್ಟಿ ಕಟ್ಟಿ, ಆಮೇಲೆ ಬೇರೆ ಊರಿಗೆ ಕಳಿಸಬೇಕಂತೆ. ಇದು ದ್ವೇಷ ಅಲ್ಲ, ಭಯ ಅಂತ ನನಗನ್ನಿಸುತ್ತದೆ. ಕಾವ್ಯ ಮನಸ್ಸನ್ನು ಎಷ್ಟು ಜೋರಾಗಿ ಹಿಡಿಯುತ್ತದೆ ಅಂತ ಗೊತ್ತಿದ್ದವನ ಭಯ.

ದೇವರ ಸ್ತುತಿಗೂ ಒಳ್ಳೆಯವರನ್ನು ಹೊಗಳುವ ಹಾಡಿಗೂ ಆ ಊರಲ್ಲಿ ಜಾಗ ಇದೆ. ಪುಸ್ತಕದ ಹತ್ತನೇ ಭಾಗದಲ್ಲಿ ಸಾಕ್ರಟೀಸ್, ಗ್ರೀಕ್ ಮಹಾಕವಿ ಹೋಮರ್ ಮೇಲೆ ಚಿಕ್ಕಂದಿನಿಂದಲೂ ತನಗೆ ಪ್ರೀತಿ, ಗೌರವ ಇದೆ ಅಂತ ಬಾಯಿಬಿಟ್ಟು ಹೇಳುತ್ತಾನೆ. ಕಾವ್ಯ ಸುಖವಷ್ಟೇ ಅಲ್ಲ, ಉಪಯೋಗಕ್ಕೂ ಬರುತ್ತದೆ ಅಂತ ಯಾರಾದರೂ ತೋರಿಸಿದರೆ ಖುಷಿಯಿಂದ ವಾಪಸ್ ಕರೆಯುತ್ತೇವೆ ಅಂತಲೂ ಹೇಳುತ್ತಾನೆ. ಫಾರ್ವರ್ಡ್‌ನಲ್ಲಿ ಇದ್ಯಾವುದೂ ಇಲ್ಲ, ಅಲ್ವಾ?

ಮುಂದೆ ಅವನ ಶಿಷ್ಯ ಅರಿಸ್ಟಾಟಲ್ ಕಾವ್ಯದ ಪರ ನಿಂತ. ಇತಿಹಾಸ ನಡೆದದ್ದನ್ನು ಹೇಳುತ್ತದೆ, ಕಾವ್ಯ ನಡೆಯಬಹುದಾದದ್ದನ್ನು ಹೇಳುತ್ತದೆ, ಅದಕ್ಕೇ ಕಾವ್ಯದಲ್ಲಿ ತತ್ವ ಜಾಸ್ತಿ ಅಂದ.