ಒಂದೇ ಫೋನು, ಇಬ್ಬರಿಗೆ ಕೊಟ್ಟ ಮಾತು

ಊರೂರಿನ ಅಂಗಡಿಗಳಿಗೆ ತನ್ನ ಬೋರ್ಡು ಹಾಕಿಸಿ, ಡಿಸ್ಟ್ರಿಬ್ಯೂಟರ್ ಮೂಲಕ ತಿಂಗಳ ಟಾರ್ಗೆಟ್ ಕೊಡುವ ಫೋನ್ ಕಂಪನಿಯೇ ಅತಿ ಹೆಚ್ಚು ಬೇಡಿಕೆಯಿರುವ ಮಾಡೆಲನ್ನು ಒಂದು ಆನ್‌ಲೈನ್ ತಾಣಕ್ಕಷ್ಟೇ ಬರೆದುಕೊಡುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಎರಡು ಕಡೆ ಕೊಟ್ಟ ಮಾತು ಒಂದಕ್ಕೊಂದು ಅಡ್ಡ ಬಂದಾಗ ಪೆಟ್ಟು ಬೀಳುವುದು ಅಂಗಡಿಯವರಿಗೇ.

ತೀರ್ಥಹಳ್ಳಿಯಲ್ಲಿ ನನ್ನ ಪರಿಚಯದವರೊಬ್ಬರ ಮೊಬೈಲ್ ಅಂಗಡಿಯಿದೆ. ಆಗುಂಬೆ, ಕೋಣಂದೂರು ಕಡೆಯಿಂದ ಬಸ್ಸಿನಲ್ಲಿ ಬಂದವರು ಜಾಹೀರಾತಿನ ಚಿತ್ರ ತೋರಿಸಿ, "ಇದೇ ಬೇಕಿತ್ತು ಭಟ್ರೇ" ಎನ್ನುತ್ತಾರೆ. ತಲೆಯ ಮೇಲೆ ಅದೇ ಕಂಪನಿಯ ಬೋರ್ಡು ಹೊಳೆಯುತ್ತಿದ್ದರೂ ಕಪಾಟಿನಲ್ಲಿ ಆ ಫೋನಿಲ್ಲ. ವಾರ ಕಳೆದ ಮೇಲೆ, ಆನ್‌ಲೈನಿನಲ್ಲಿ ತರಿಸಿದ ಅದೇ ಫೋನಿಗೆ ಗ್ಲಾಸ್ ಅಂಟಿಸಲು, ಹಳೆಯ ನಂಬರುಗಳನ್ನು ಹಾಕಿಸಿಕೊಳ್ಳಲು ಅವರು ಇಲ್ಲಿಗೇ ಬರುತ್ತಾರೆ. ಭಟ್ಟರು ಬೇಸರಿಸದೆ ಮಾಡಿಕೊಡುತ್ತಾರೆ. ಆದರೆ ಮಾರಾಟದ ಲಾಭ ಅವರಿಗೆ ಸೇರಿಲ್ಲ.

ಇದಕ್ಕೆ ಕಾನೂನಿಲ್ಲವೆಂದಲ್ಲ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿ, 2019ರ ಫೆಬ್ರವರಿ 1ರಿಂದ ಜಾರಿಗೆ ತಂದ ನಿಯಮದಂತೆ, ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ತಮ್ಮಲ್ಲಿ ಮಾತ್ರ ಮಾರಬೇಕೆಂದು ಯಾವ ಮಾರಾಟಗಾರರನ್ನೂ ಕಟ್ಟುಪಾಡಿಗೆ ಒಳಪಡಿಸುವಂತಿಲ್ಲ. ಆದರೆ ಕಂಪನಿಯೇ ಸ್ವಇಚ್ಛೆಯಿಂದ ಒಪ್ಪಿದೆ ಎಂದರೆ ಬಲವಂತವನ್ನು ಸಾಬೀತು ಮಾಡುವವರು ಯಾರು? ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿಯನ್ನು ಕಾಯುವ 2002ರ ಸ್ಪರ್ಧಾ ಕಾಯ್ದೆಯೂ ಇಂಥ ಒಪ್ಪಂದವನ್ನು ನೇರವಾಗಿ ನಿಷೇಧಿಸುವುದಿಲ್ಲ. ಅದರಿಂದ ಸ್ಪರ್ಧೆಗೆ ಗಣನೀಯ ಹಾನಿಯಾಗಿದೆ ಅಥವಾ ಆಗುವ ಸಂಭವವಿದೆ ಎಂದು ತೋರಿಸಬೇಕು. ದೆಹಲಿಯ ವ್ಯಾಪಾರಿಗಳ ದೂರಿನ ಮೇಲೆ 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಮೊಬೈಲುಗಳನ್ನು ಒಂದೇ ತಾಣದಲ್ಲಿ ಬಿಡುಗಡೆ ಮಾಡುವ ವಿಷಯವೂ ಆ ದೂರಿನಲ್ಲಿತ್ತು. ಮರುತಿಂಗಳೇ ನಮ್ಮ ಹೈಕೋರ್ಟಿನಲ್ಲಿ ತಡೆ ಸಿಕ್ಕಿತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈಯಲ್ಲಿ ವಿಭಾಗೀಯ ಪೀಠ ಆ ಎರಡು ತಾಣಗಳ ವಾದವನ್ನು ತಳ್ಳಿಹಾಕಿದವು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಮಧ್ಯಪ್ರವೇಶಿಸಲಿಲ್ಲ. ಅಷ್ಟರಲ್ಲಿ ಹೋದದ್ದು ಒಂದೂವರೆ ವರ್ಷ. ಕೆಲವೇ ತಿಂಗಳಲ್ಲಿ ಹಳತಾಗುವ ಸರಕಿನ ವ್ಯಾಪಾರಕ್ಕೆ ಅದು ಬಹಳ ದೀರ್ಘ ಕಾಲ.

ಆನ್‌ಲೈನಿನಲ್ಲಿ ಬೆಲೆ ಕಡಿಮೆಯೆಂಬುದು ನಿಜ, ಅದನ್ನು ಕೊಳ್ಳುವವರ ಮೇಲೆ ನನಗೆ ಆಕ್ಷೇಪವೂ ಇಲ್ಲ. ಆದರೆ ಮಳೆಗಾಲದಲ್ಲಿ ದಾರಿಗೆ ಮರ ಬಿದ್ದು ಡೆಲಿವರಿ ಹುಡುಗ ಪೇಟೆಯಲ್ಲೇ ಉಳಿದುಬಿಡುವ ನಮ್ಮ ಹಳ್ಳಿಗಳಿಗೆ ಬಾಗಿಲು ತೆರೆದಿರುವ ಅಂಗಡಿಯೂ ಬೇಕು.

ಒಂದೇ ತಾಣಕ್ಕೆ ಕೊಡಲೇಬೇಕೆಂದಿದ್ದರೆ ಕಂಪನಿಯು ಅದರ ಅವಧಿಯನ್ನು ಮೊದಲೇ ಬಹಿರಂಗಪಡಿಸಲಿ. ಆ ಅವಧಿಯಲ್ಲಿ ಅಂಗಡಿಗಳ ಟಾರ್ಗೆಟ್ಟನ್ನು ಇಳಿಸಲಿ, ಮುಗಿದ ಮರುದಿನವೇ ಅದೇ ಬೆಲೆಗೆ ತೀರ್ಥಹಳ್ಳಿಗೂ ಸಾಗರಕ್ಕೂ ಮಾಲು ಕಳಿಸಲಿ.